ಮೋನಪ್ಪನವರು ಎದ್ದರೆ ಸಭೆ ಎದ್ದಿತು

ಮದ್ರಾಸಿನ ಕನ್ನಡ ಸಭೆಯಲ್ಲಿ ಪರಲೋಕದ ತುತ್ತೂರಿಯೇ ಊದಿದರೂ ಮೋನಪ್ಪನವರು ಏಳುವ ತನಕ ಯಾರೂ ಏಳುತ್ತಿರಲಿಲ್ಲ. ಇದನ್ನು ಭಕ್ತಿ ಸಾಲದು ಅಂತ ತಿಳಿಯಬೇಡಿ. ಇದು ಒಪ್ಪಂದ.

ಇಸವಿ ಮೂವತ್ತೆಂಟರಲ್ಲಿ ಊರ ತುಂಬ ಚದುರಿಹೋಗಿದ್ದ ಕನ್ನಡ ಕ್ರೈಸ್ತರೆಲ್ಲ ಒಟ್ಟಾಗಿ ಪುರಸವಾಕದ ಒಂದು ತಮಿಳು ಚರ್ಚನ್ನು ಭಾನುವಾರದ ಆರಾಧನೆಗೆ ಕೇಳಿಕೊಂಡರು. ಬೆಳಗಿನ ತಂಪು ತಮಿಳರಿಗೆ, ಸಂಜೆಯ ಗಾಳಿ ಇಂಗ್ಲಿಷಿನವರಿಗೆ, ನಡುವಿನ ಸುಡುಬಿಸಿಲು ಕನ್ನಡಿಗರಿಗೆ. ಸಿಕ್ಕಿದ್ದೇ ಪುಣ್ಯ ಅಂದುಕೊಂಡು ಮಂಗಳೂರಿನವರು, ಧಾರವಾಡದವರು, ಬಳ್ಳಾರಿಯವರು, ಮೈಸೂರಿನವರು ಎಲ್ಲ ಬಂದರು. ಬಂದವರು ತಂತಮ್ಮ ಊರಿನ ಮಿಷನ್ನಿನ ಪದ್ಧತಿಯನ್ನೂ ಗಂಟು ಕಟ್ಟಿಕೊಂಡು ಬಂದರು. ಇವರು ನಿಂತು ಹಾಡಿದರೆ ಅವರು ಕೂತು ಹಾಡುವರು. ಒಬ್ಬರು ಪ್ರಾರ್ಥನೆಗೆ ಏಳುವಾಗ ಇನ್ನೊಬ್ಬರು ಮೊಣಕಾಲೂರುವರು. ಒಂದು ದಿನ ಧಾರವಾಡದವರೊಬ್ಬರು ಎದ್ದ ರಭಸಕ್ಕೆ ಹಿಂದೆ ಮೊಣಕಾಲೂರಿದ್ದ ಮೈಸೂರಿನವರೊಬ್ಬರ ಮುಂದಿನ ಹಲ್ಲು ಅಲ್ಲಾಡಿತು. ಅಂದೇ ತೀರ್ಮಾನವಾಯಿತು: ಯಾರ ಊರಿನ ಪದ್ಧತಿಯೂ ಬೇಡ. ಮುಂದಿನ ಬೆಂಚಿನ ಹಿರಿಯರಾದ ಮೋನಪ್ಪನವರು ಎದ್ದರೆ ಏಳುವುದು, ಕೂತರೆ ಕೂರುವುದು. ಮೋನಪ್ಪನವರು ರೈಲ್ವೆ ಗಾರ್ಡು. ಅವರು ಹಸಿರು ಬಾವುಟ ಬೀಸದೆ ಮಂಗಳೂರು ಮೇಲ್ ರೈಲೇ ಹೊರಡುತ್ತಿರಲಿಲ್ಲ, ಇನ್ನು ಸಭೆ ಯಾವ ಲೆಕ್ಕ!

ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ. ನಡುವೆ ಚಾಪೆ ಹಾಸಿದ ದಾರಿ. ಚರ್ಚಿನ ದಪ್ಪ ಕಂಬಗಳ ದೆಸೆಯಿಂದ ಹೆಂಗಸರಿಗೆ ಮೋನಪ್ಪನವರು ಕಾಣುತ್ತಿರಲಿಲ್ಲ. ಬಲಗಡೆಯ ಮೊದಲ ಬೆಂಚಿನಲ್ಲಿ ಕೂರುವ ಅವರ ಹೆಂಡತಿ ಲಿಡಿಯಮ್ಮನಿಗೆ ಮಾತ್ರ ಕಾಣುತ್ತಿದ್ದರು. ಹಾಗಾಗಿ ಲಿಡಿಯಮ್ಮ ಗಂಡನನ್ನು ನೋಡಿ ಏಳುವರು, ಮಿಕ್ಕ ಹೆಂಗಸರು ಲಿಡಿಯಮ್ಮನನ್ನು ನೋಡಿ ಏಳುವರು. ಇಪ್ಪತ್ತಾರು ವರ್ಷ ಈ ಗಾಡಿ ಒಂದು ನಿಮಿಷ ತಡವಾಗದೆ ಓಡಿತು. ಆಮೇಲೆ ಗಾರ್ಡಿನ ಕಿವಿ ಕೈಕೊಟ್ಟಿತು.

ಕಿವಿ ಹೋದದ್ದು ಹೋಯಿತು, ಹೋಗಿದೆ ಅಂತ ಒಪ್ಪಬೇಕಲ್ಲ! ಮನೆಯಲ್ಲಿ ಯಾರಾದರೂ ಸ್ವರ ಏರಿಸಿದರೆ, "ಯಾಕೆ ಬೊಬ್ಬೆ ಹಾಕುದು? ನನಗೆ ಕೇಳ್ತದೆ" ಅನ್ನುವರು. ಸ್ವರ ಇಳಿಸಿದರೆ ಏನೂ ಅನ್ನುತ್ತಿರಲಿಲ್ಲ, ಕೇಳಿಸಿದರೆ ತಾನೆ. ಚರ್ಚಿನಲ್ಲಂತೂ ಅಂದಾಜಿನ ಮೇಲೆ ಗಾಡಿ ಬಿಡತೊಡಗಿದರು. ಈಸ್ಟರ್ ಕಳೆದ ಮರುವಾರ ಪಾದ್ರಿ ಅಯ್ಯನವರು ಸಭೆಯ ಪ್ರಕಟಣೆ ಓದುತ್ತಿದ್ದಾಗ ಮೋನಪ್ಪನವರು ಗಂಭೀರವಾಗಿ ಎದ್ದು ನಿಂತರು. ಸಭೆ ದಡಬಡ ಎದ್ದಿತು. ಯಾರೋ ಚರ್ಚಿನಲ್ಲಿ ಮರೆತುಹೋದ ಕೊಡೆಯ ಸುದ್ದಿಯನ್ನು ನೂರು ಜನ ತಲೆಬಾಗಿ ನಿಂತು ಕೇಳಿದರು. ಮುಂದಿನ ವಾರ ನಿಂತೇ ಹೇಳಬೇಕಾದ ವಿಶ್ವಾಸಪ್ರಮಾಣದ ನಟ್ಟನಡುವೆ ಅವರು ಕೂತರು. ಸಭೆಯೂ ಕೂತಿತು, ಅರ್ಧ ವಿಶ್ವಾಸ ನಿಂತು ಹೇಳಿ ಇನ್ನರ್ಧ ಕೂತು ಹೇಳಿತು. ಚರ್ಚಿನ ಗಂಟೆ ಹೊಡೆಯುವ ತಮಿಳು ಮುದುಕ ಇದೆಲ್ಲ ಕನ್ನಡದವರ ಸಂಪ್ರದಾಯ ಅಂತಲೇ ನಂಬಿದ್ದ. ಎಷ್ಟು ಕಷ್ಟದ ಆರಾಧನೆ ಅಂತ ಮೆಚ್ಚಿಕೊಳ್ಳುತ್ತಿದ್ದ ಬೇರೆ.

ಇದನ್ನೆಲ್ಲ ಕಂಡು ಹೊಟ್ಟೆ ಹಿಡಿದುಕೊಂಡು ನಗಬೇಕಾದವಳು, ಮನೆಗೆ ಬಂದು ಸ್ನಾನದ ಕೋಣೆಯಲ್ಲಿ ಅಳುತ್ತಿದ್ದವಳು ವಾಸಂತಿ. ಮೋನಪ್ಪನವರ ಮೊಮ್ಮಗಳು, ಇಪ್ಪತ್ತೊಂದರ ಹುಡುಗಿ, ಮೌಂಟ್ ರೋಡಿನ ಇನ್ಶೂರೆನ್ಸ್ ಆಫೀಸಿನಲ್ಲಿ ಟೈಪಿಸ್ಟು. ಅಪ್ಪನಿಗೆ ವರ್ಷಕ್ಕೊಂದು ಊರಿಗೆ ವರ್ಗವಾಗುತ್ತಿದ್ದದ್ದರಿಂದ ಪೆರಂಬೂರಿನ ಅಜ್ಜನ ಮನೆಯಲ್ಲೇ ಬೆಳೆದವಳು. ಶಾಲೆ ಅವಳಿಗೆ ತಮಿಳು ಕಲಿಸಿತು, ಕಾನ್ವೆಂಟಿನ ಸಿಸ್ಟರುಗಳು ಇಂಗ್ಲಿಷ್ ಕಲಿಸಿದರು. ಕನ್ನಡ ಕಲಿಸಿದ್ದು ಅಜ್ಜ. ಡ್ಯೂಟಿಯಿಂದ ಬಂದು ಯೂನಿಫಾರಂ ಕೂಡ ಬಿಚ್ಚದೆ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು, ಸಾಲಿನ ಕೆಳಗೆ ಬೆರಳು ಓಡಿಸುತ್ತ ಅಕ್ಷರ ಅಕ್ಷರವಾಗಿ ಓದಿಸಿದ್ದು ಅಜ್ಜ. ಅಂಥ ಅಜ್ಜನ ಬೆನ್ನ ಹಿಂದೆ ಜನ ಕಿಸಕಿಸ ಅಂದರೆ ಅವಳ ಕರುಳಿಗೆ ಕೈ ಹಾಕಿದಂತಾಗುತ್ತಿತ್ತು.

ಅಯ್ಯನವರು ಒಳ್ಳೆಯವರೇ. ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. "ನೋಡಮ್ಮ, ಯೌವನಸ್ಥರ ಭಾನುವಾರ ಮುಗಿದ ಮುಂದಿನ ವಾರ ಕಮಿಟಿ ಇದೆ. ಹಿರಿಯರನ್ನು ಹಿಂದಿನ ಬೆಂಚಿಗೆ ಕೂರಿಸಿ, ಮುಂದೆ ಬೇರೆಯವರನ್ನು ಇಡೋಣ ಅಂತ ಎಲ್ಲರೂ ಹೇಳ್ತಿದ್ದಾರೆ. ನಾನೆಷ್ಟು ದಿನ ತಡೀಲಿ?"

ಮದ್ದು ವಾಸಂತಿಗೆ ಗೊತ್ತಿತ್ತು. ಮನೆಯಲ್ಲಿ ಅಜ್ಜನಿಗೆ ಒಂದೇ ಒಂದು ಸ್ವರ ಕೇಳಿಸುತ್ತಿತ್ತು, ಅಜ್ಜಿಯದು. ಎಡಗಿವಿಗೆ ಒಂದು ಗೇಣು ದೂರದಲ್ಲಿ ಬಾಯಿಟ್ಟು ಅಜ್ಜಿ ಏನು ಹೇಳಿದರೂ ಅಜ್ಜನಿಗೆ ತಲುಪುತ್ತಿತ್ತು. ನಲವತ್ತೈದು ವರ್ಷದ ಸಂಸಾರವೋ, ಅಜ್ಜಿಯ ಗಂಟಲೋ, ದೇವರೇ ಬಲ್ಲ. ಅಜ್ಜಿ ಪಕ್ಕದಲ್ಲಿ ಕೂತರೆ ಎಲ್ಲ ಸರಿಹೋಗುತ್ತದೆ. ಆದರೆ ಗಂಡಸರ ಬೆಂಚಿನಲ್ಲಿ ಹೆಂಗಸು! ಚರ್ಚಿನ ಚಾವಣಿ ಕಳಚಿ ಬೀಳುವುದಿಲ್ಲವೇ?

ಚಾವಣಿ ಬಿದ್ದರೆ ಬೀಳಲಿ ಅನ್ನುವವರು ಸಭೆಯಲ್ಲಿ ಏಳು ಜನ ಇದ್ದರು. ಅದೇ ಯೌವನಸ್ಥರ ಸಂಘ. ವಾಸಂತಿ ಅದರ ಕಾರ್ಯದರ್ಶಿ. ಅಧ್ಯಕ್ಷ ಭೋಜರಾಜ, ಬಳ್ಳಾರಿ ಕಡೆಯವನು, ಹುಟ್ಟಿ ಬೆಳೆದದ್ದೆಲ್ಲ ಮದ್ರಾಸು, ಕ್ರೋಂಪೇಟೆಯ ಒಂದು ಚರ್ಮ ಹದಮಾಡುವ ಕಾರ್ಖಾನೆಯಲ್ಲಿ ಗುಮಾಸ್ತೆ. ಚರ್ಚಿನ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಕಡಲೇಕಾಯಿ ತಿನ್ನುತ್ತ ಏಳು ಜನ ಸಭೆಯನ್ನು ಉದ್ಧಾರ ಮಾಡುತ್ತಿದ್ದರು. ಆ ವರ್ಷ ಒಂದು ಮನವಿ ತಯಾರಾಯಿತು. ಕುಟುಂಬದವರೆಲ್ಲ ಒಟ್ಟಿಗೆ ಕೂರಬೇಕು ಅನ್ನುವುದು ಮೊದಲನೆಯದು, ಅದು ವಾಸಂತಿಯದು. ಅಯ್ಯನವರ ಉಪದೇಶದ ಪ್ರಸಂಗ ಇಪ್ಪತ್ತು ನಿಮಿಷ ಮೀರಬಾರದು, ಆರ್ಗನ್ ಜೊತೆ ಮೃದಂಗವೂ ಇರಲಿ, ಸತ್ತವರ ಮನೆಯಲ್ಲಿ ಹಾಡುವಂತೆ ಹಾಡುವುದು ನಿಲ್ಲಲಿ, ಹೆಂಗಸರ ಕಡೆಗೂ ಫ್ಯಾನು ಹಾಕಿಸಿ ಅಂತ ಮುಂದುವರಿದು, ವರ್ಷಕ್ಕೊಮ್ಮೆ ಸಂಘದವರೇ ಆರಾಧನೆ ನಡೆಸುವ ಯೌವನಸ್ಥರ ಭಾನುವಾರದ ಪ್ರಸಂಗವನ್ನು ಹುಡುಗಿಯರೂ ಮಾಡಬಹುದು ಅನ್ನುವಲ್ಲಿಗೆ ಮುಗಿಯಿತು. ಆಫೀಸಿನ ಮೆಷೀನಿಗೆ ಕನ್ನಡ ಬರುತ್ತಿರಲಿಲ್ಲವಾದ್ದರಿಂದ ವಾಸಂತಿ ಕೈಯಲ್ಲೇ ಮುತ್ತು ಪೋಣಿಸಿದ ಹಾಗೆ ಬರೆದಳು.

ಸಭೆಗೆ ಬಂದ ಮನವಿಗಳನ್ನೆಲ್ಲ ಮೊದಲು ನೋಡುವ ಮೋನಪ್ಪನವರ ಬಳಿ ಒಂದು ತುದಿ ಕೆಂಪು, ಒಂದು ತುದಿ ನೀಲಿ ಇರುವ ಪೆನ್ಸಿಲ್ ಇತ್ತು. ಕೆಂಪೆಂದರೆ ಇಲ್ಲ, ನೀಲಿಯೆಂದರೆ ಆಗಲಿ. ಮನವಿ ವಾಪಸು ಬಂದಾಗ ಕೋಳಿ ಕುಯ್ದ ಹಲಗೆಯಂತೆ ಕೆಂಪಾಗಿತ್ತು. ಮೊದಲನೆಯ ಬೇಡಿಕೆಯ ಮೇಲಂತೂ ಕಾಗದ ಹರಿಯುವಷ್ಟು ಒತ್ತಿ ಎರಡು ಗೆರೆ ಎಳೆದಿದ್ದರು.

"ಅಯ್ಯಯ್ಯೋ, ತಾತ ರಣಕಳ ಮಾಡಿಬಿಟ್ರಲ್ಲ ವಾಸಂತಿ," ಅಂದ ಭೋಜರಾಜ. "ಇನ್ನೇನು, ಸಂಘಕ್ಕೆ ಬೀಗ ಹಾಕಿ ಸಿನಿಮಾಕ್ಕೆ ಪೋಗಲಾಮಾ?"

"ಕೊನೇದು ನೋಡು ಮಾರಾಯ."

ಕೊನೆಯ ಬೇಡಿಕೆಯ ಪಕ್ಕ ನೀಲಿಯಲ್ಲಿ ಬರೆದಿತ್ತು: ಆಗಲಿ. ವಾಸಂತಿ ಮಾಡಲಿ.

ಪ್ರಸಂಗ ಅವಳೇ ಮಾಡುವುದು! ಅಜ್ಜ ಹಟಮಾರಿ ಹೌದು, ಆದರೆ ಮೊಮ್ಮಗಳ ಹೆಮ್ಮೆಯ ಮುಂದೆ ಯಾವ ಹಟ ನಿಂತೀತು? ವಾಸಂತಿಗೆ ಕುಣಿಯುವಷ್ಟು ಖುಷಿ. ರಸ್ತೆಯಲ್ಲೇ ಎರಡು ಹೆಜ್ಜೆ ಕುಣಿದಳು ಕೂಡ, ಎದುರಿಗೆ ಬಂದ ಸೈಕಲ್ಲಿನವನು ಹೆದರಿ ಗಂಟೆ ಹೊಡೆದ. ಮೂರನೇ ಹೆಜ್ಜೆಗೆ ನೆನಪಾಯಿತು: ಅವಳು ಏನು ಹೇಳಿದರೂ ಕೇಳಬೇಕಾದ ಒಬ್ಬರಿಗೆ ಕೇಳಿಸುವುದಿಲ್ಲ.

ಆದರೂ ಬರೆದಳು. ಹೊಸ ದ್ರಾಕ್ಷಾರಸವನ್ನು ಹಳೇ ಬುದ್ದಲಿಗೆ, ಅಂದರೆ ತೊಗಲಿನ ಚೀಲಕ್ಕೆ, ತುಂಬಿದರೆ ಅದು ಒಡೆಯುತ್ತದೆ ಅನ್ನುವ ಯೇಸುವಿನ ಸಾಮ್ಯವನ್ನೇ ಆರಿಸಿಕೊಂಡಳು. ಸಂಘದ ಹುಡುಗರು ಹಳೇ ಬುದ್ದಲಿ ಅಂದಾಗ ಯಾರನ್ನು ನೆನೆದು ಕಣ್ಣು ಮಿಟುಕಿಸುತ್ತಿದ್ದರೆಂದು ಅವಳಿಗೆ ಗೊತ್ತಿತ್ತು. ಬುದ್ದಲಿ ತೊಗಲಿನದು ತಾನೆ, ತೊಗಲಿನವರನ್ನೇ ಕೇಳೋಣ ಅಂತ ಒಂದು ಶನಿವಾರ ಕ್ರೋಂಪೇಟೆಯ ಭೋಜರಾಜನ ಕಾರ್ಖಾನೆಗೆ ರೈಲು ಹತ್ತಿದಳು. ಮೂಗಿಗೆ ಸೆರಗು ಹಿಡಿದು ನಿಂತವಳಿಗೆ ಅಲ್ಲಿನ ಮುದಿ ಮೇಸ್ತ್ರಿ ತಮಿಳಿನಲ್ಲಿ ನಕ್ಕು ಹೇಳಿದ: ಹಳೇ ತೊಗಲನ್ನು ಬಿಸಾಡುವವನು ದಡ್ಡ ಮಗಳೇ, ಬಲವಂತವಾಗಿ ಬಗ್ಗಿಸುವವನು ಇನ್ನೂ ದಡ್ಡ. ಎಣ್ಣೆ ಹಾಕು, ಅಂಗೈಯಿಂದ ತಿಕ್ಕು, ಬಿಸಿ ಹತ್ತುವವರೆಗೆ ಕಾಯಿ. ತಾನೇ ಬಗ್ಗುತ್ತದೆ. ವಾಸಂತಿ ಅಲ್ಲೇ ನಿಂತು ಟಿಕೆಟ್ಟಿನ ಹಿಂದೆ ಬರೆದುಕೊಂಡಳು. ಏಳು ಪುಟದ ಪ್ರಸಂಗದ ಜೀವವೇ ಆ ಮಾತು, ಅದಿದ್ದದ್ದು ಐದನೇ ಪುಟದಲ್ಲಿ.

ಯೌವನಸ್ಥರ ಭಾನುವಾರ ಬಂತು. ಭೋಜರಾಜ ಕನ್ನಡ ಬೈಬಲಿನ ಪಾಠವನ್ನು ತಮಿಳಿನ ರಾಗದಲ್ಲಿ ಓದಿ ಬೆವರು ಒರೆಸಿಕೊಂಡ. ವಾಸಂತಿ ಬಿಳಿ ಸೀರೆ ಉಟ್ಟು ಪ್ರಸಂಗಪೀಠ ಹತ್ತಿದಳು. ಎಡಗಡೆ ಮೊದಲ ಬೆಂಚಿನಲ್ಲಿ ಅಜ್ಜ, ಕರಿ ಕೋಟು, ಗಡಿಯಾರದ ಸರಪಣಿ. ಅವಳ ತುಟಿಯನ್ನೇ ನೋಡುತ್ತ ಒಂದಕ್ಷರ ಕೇಳಿಸದೆ ಮುಖದ ತುಂಬ ನಗುತ್ತಿದ್ದರು.

ಮೊದಲ ಪುಟ ಸರಾಗವಾಗಿ ಹೋಯಿತು. ಎರಡನೇ ಪುಟದ ನಡುವೆ ಗಂಟಲು ಒಣಗಿತು. ಕಾಗದ ಕೆಳಗಿಟ್ಟು ಒಂದು ಗುಟುಕು ನೀರು ಕುಡಿದಳು.

ಕಾಗದ ಕೆಳಗಿಟ್ಟದ್ದು ಕಂಡದ್ದೇ ತಡ, ಮುಗಿಯಿತು ಅಂತ ಮೋನಪ್ಪನವರು ಎದ್ದರು!

ಗಂಡಸರು ಎದ್ದರು. ಲಿಡಿಯಮ್ಮ ಹಣೆ ಚಚ್ಚಿಕೊಂಡು ಎದ್ದರು, ಹೆಂಗಸರು ಎದ್ದರು. ಸಭೆ ಎದ್ದದ್ದನ್ನು ಕಂಡು ಆರ್ಗನ್ ನುಡಿಸುವ ಸುಗುಣಾ ಟೀಚರು ಪೆಡಲು ತುಳಿದೇಬಿಟ್ಟರು. ಆರ್ಗನ್ ಶುರುವಾದ ಮೇಲೆ ಹಾಡದೆ ಇರುವುದು ಹೇಗೆ? ಮುಕ್ತಾಯದ ಗೀತೆ ಹೊರಟಿತು. ಒಟ್ಟು ಆರು ಚರಣ. ಪ್ರಸಂಗಪೀಠದಲ್ಲಿ ಕೈಯಲ್ಲಿ ಲೋಟ ಹಿಡಿದು ನಿಂತ ವಾಸಂತಿಗೆ ಅಳು ಬರಬೇಕಿತ್ತು, ಹಾಳಾದ ನಗು ಬಂತು. ಕೆಳತುಟಿ ಕಚ್ಚಿಕೊಂಡಳು, ಮೂಗಿನಿಂದ ಹೊರಟಿತು. ಭೋಜರಾಜ ಗೀತಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ಗಡಗಡ ನಡುಗುತ್ತಿದ್ದ. ಅಜ್ಜ ಮಾತ್ರ ಎಲ್ಲರಿಗಿಂತ ಅರ್ಧ ಚರಣ ಹಿಂದೆ, ಕಣ್ಣು ಮುಚ್ಚಿ, ಎದೆ ತುಂಬಿ ಹಾಡಿದರು.

ಹಾಡು ಮುಗಿಯಿತು. ಅಜ್ಜ ಆಶೀರ್ವಾದಕ್ಕೆ ತಲೆ ಬಾಗಿಸಿದರು. ಸಭೆ ತಲೆ ಬಾಗಿಸಿತು. ಅಯ್ಯನವರು ವಾಸಂತಿಯನ್ನು ನೋಡಿದರು, ಸಭೆಯನ್ನು ನೋಡಿದರು, ಏನು ಮಾಡುವುದೆಂದು ತಿಳಿಯದೆ ಆಶೀರ್ವಾದಕ್ಕೆ ಕೈ ಎತ್ತತೊಡಗಿದರು. ಆಗ ವಾಸಂತಿಯ ನಗು ನಿಂತಿತು. ಆ ಕೈ ಪೂರ್ತಿ ಮೇಲೆ ಹೋದರೆ ಎಲ್ಲ ಮುಗಿದಂತೆ. ಐದನೇ ಪುಟ ಹೋಯಿತು, ಅಜ್ಜನ ಬೆಂಚೂ ಹೋಯಿತು.

"ಸ್ವಲ್ಪ ತಡೀರಿ ಅಯ್ಯನವರೇ!"

ಕೂಗಿದ್ದು ವಾಸಂತಿಯಲ್ಲ. ಲಿಡಿಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೆಂಚಿನಿಂದ ಹೊರಬಂದರು. ಇಪ್ಪತ್ತಾರು ವರ್ಷದಲ್ಲಿ ಯಾವ ಹೆಂಗಸೂ ಅಡ್ಡ ದಾಟದ ಚಾಪೆಯನ್ನು ನಾಲ್ಕೇ ಹೆಜ್ಜೆಗೆ ದಾಟಿ, ಗಂಡನ ಎಡಗಿವಿಗೆ ಬಾಯಿಟ್ಟರು.

"ಕೂತ್ಕೊಳ್ಳಿ ಮಾರಾಯ್ರೆ! ಮಗು ಇನ್ನೂ ಎರಡನೇ ಪುಟದಲ್ಲಿ ಉಂಟು. ಇನ್ನು ಐದು ಪುಟ ಉಂಟು!"

ಮೋನಪ್ಪನವರು ಗಾಬರಿಯಿಂದ ಕುಸಿದು ಕೂತರು. ಅವರ ಪಕ್ಕ ಲಿಡಿಯಮ್ಮ ಕೂತರು. ಗಂಡಸರು ಕೂತರು. ಹೆಂಗಸರು? ಅವರಿಗಿದ್ದದ್ದು ಒಂದೇ ಕಾನೂನು, ಲಿಡಿಯಮ್ಮ ಮಾಡಿದ ಹಾಗೆ ಮಾಡುವುದು. ಲಿಡಿಯಮ್ಮ ದಾಟಿದರು, ಅವರೂ ದಾಟಿದರು! ನಲವತ್ತು ಹೆಂಗಸರು ಕೂಸು, ಬೀಸಣಿಗೆ, ಕೈಚೀಲ ಸಮೇತ ಎಡಗಡೆಗೆ ನುಗ್ಗಿದರು. ಸರಿಯಿರಿ, ಜರುಗಿ, ನನ್ನ ಕಾಲು, ನಿಮ್ಮ ಟೋಪಿ! ಮೈಸೂರಿನ ಹಿರಿಯರೊಬ್ಬರು ಪಕ್ಕಕ್ಕೆ ತಿರುಗಿ ನೋಡಿದರೆ ಸ್ವಂತ ಹೆಂಡತಿ. ಚರ್ಚಿನಲ್ಲಿ ಅವಳನ್ನು ಅಷ್ಟು ಹತ್ತಿರದಿಂದ ಅವರು ಕಂಡದ್ದು ಮದುವೆಯ ದಿನವೇ. ಬಾಗಿಲ ಸಂದಿನಿಂದ ಇಣುಕಿದ ಗಂಟೆಯ ಮುದುಕ ಇದೂ ಇವರ ಪದ್ಧತಿಯಿರಬೇಕೆಂದು ಕೈಮುಗಿದ.

"ಹ್ಞೂ, ಹೇಳು ಮಗಾ," ಅಂದರು ಲಿಡಿಯಮ್ಮ. "ನಿಧಾನ ಹೇಳು. ನಾನು ದಾಟಿಸ್ತೇನೆ."

ವಾಸಂತಿ ಒಂದು ಸಾಲು ಹೇಳುವಳು. ಲಿಡಿಯಮ್ಮ ಅದನ್ನೇ ಎಡಗಿವಿಗೆ ಗಟ್ಟಿಯಾಗಿ ಹೇಳುವರು. ಸಭೆಗೆ ಅಂದು ಎಲ್ಲವೂ ಎರಡೆರಡು ಸಲ ಕೇಳಿಸಿತು. ಮೂರನೇ ಪುಟ, ನಾಲ್ಕನೇ ಪುಟ. ಐದು ಬಂತು.

"ಹಳೇ ತೊಗಲನ್ನು ಯಾರೂ ಬಿಸಾಡಬೇಕಾಗಿಲ್ಲ," ಅಂದಳು ವಾಸಂತಿ.

"ಹಳೇ ತೊಗಲು ಬಿಸಾಡುದು ಬೇಡ ಅಂತೆ!"

"ಎಣ್ಣೆ ಹಾಕಿ, ಅಂಗೈಯಿಂದ ತಿಕ್ಕಿ, ಬಿಸಿ ಹತ್ತುವವರೆಗೆ ಕಾದರೆ ಅದು ತಾನೇ ಬಗ್ಗುತ್ತದೆ."

"ಎಣ್ಣೆ ಹಾಕ್ಬೇಕಂತೆ! ಹಾಕ್ಲಿಕ್ಕೆ ಬಂದವರಿಗೆ ಬೇಡ ಬೇಡ ಅನ್ನುದು ಬಿಡ್ಬೇಕಂತೆ!"

ಕೊನೆಯ ಮಾತು ವಾಸಂತಿಯ ಕಾಗದದಲ್ಲಿ ಇರಲಿಲ್ಲ. ಸಭೆ ಗೊಳ್ಳೆಂದಿತು. ಮೋನಪ್ಪನವರು ನಗಲಿಲ್ಲ.

ಮನೆಗೆ ಹೋಗುವ ದಾರಿಯಲ್ಲೂ ನಗಲಿಲ್ಲ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತರು. ಸೋಮವಾರ ಕಾಫಿ ಕುಡಿಯುತ್ತ ಒಂದೇ ಮಾತು ಹೇಳಿದರು: "ಸಭೆ ಅಂದ್ರೆ ಸಂತೆಯಲ್ಲ. ಮುಂದಿನ ವಾರ ಎಲ್ಲರೂ ಅವರವರ ಜಾಗದಲ್ಲಿ ಕೂರುದು."

ಪ್ರಸಂಗವೇನೋ ಕಿವಿಗೆ ಹೋಯಿತು, ಒಳಗೆ ಇಳಿಯಲಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಕಮಿಟಿ. ಅಲ್ಲಿಗೆ ಅಜ್ಜ ಹಿಂದಿನ ಬೆಂಚಿಗೆ. ವಾರವಿಡೀ ವಾಸಂತಿ ಆಫೀಸಿನಲ್ಲಿ ತಪ್ಪು ತಪ್ಪು ಟೈಪ್ ಮಾಡಿ ಬೈಸಿಕೊಂಡಳು. ಶನಿವಾರ ಮನೆಗೆ ಬಂದರೆ ಜಗಲಿಯ ತುಂಬ ತೆಂಗಿನೆಣ್ಣೆಯ ವಾಸನೆ. ಅಜ್ಜ ಬನಿಯನ್ನಿನಲ್ಲಿ ಕೂತು ತಮ್ಮ ಗಾರ್ಡು ಕೆಲಸದ ಹಳೇ ತೊಗಲಿನ ಚೀಲವನ್ನು ಮೊಣಕೈವರೆಗೆ ಎಣ್ಣೆ ಮಾಡಿಕೊಂಡು ತಿಕ್ಕುತ್ತಿದ್ದರು.

"ಎಂತ ಮಾಡುದು ಅಜ್ಜ?" ಅಂತ ಅವಳು ಕೈಸನ್ನೆಯಲ್ಲಿ ಕೇಳಿದಳು.

"ಬಗ್ತದಾ ಅಂತ ನೋಡುದು," ಅಂದರು ಅಜ್ಜ, ತಲೆ ಎತ್ತದೆ.

ಭಾನುವಾರ ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ, ಎಲ್ಲ ಮೊದಲಿನಂತೆಯೇ. ಲಿಡಿಯಮ್ಮ ಬಲಗಡೆಯ ಮೊದಲ ಬೆಂಚು, ಹಿಂದೆ ವಾಸಂತಿ. ಆರಂಭದ ಗೀತೆ ಹಾಡಿ ಮುಗಿಯಿತು. ಇನ್ನು ಕೂರಬೇಕು.

ಮೋನಪ್ಪನವರು ಕೂರಲಿಲ್ಲ.

ಸಭೆ ನಿಂತೇ ಇತ್ತು. ಅಯ್ಯನವರು ಕೆಮ್ಮಿದರು. ಕೂಸುಗಳು ಅಳತೊಡಗಿದವು, ಬೆವರು ಇಳಿಯತೊಡಗಿತು. ಮತ್ತೆ ಅದೇ ತಪ್ಪು ಅಂತ ಹಿಂದಿನ ಸಾಲಿನಲ್ಲಿ ಕಿಸಕಿಸ ಶುರುವಾಯಿತು. ವಾಸಂತಿ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಅಜ್ಜ ಬೆಂಚಿನಲ್ಲಿ ಅರ್ಧ ಜರುಗಿ ನಿಂತಿದ್ದರು. ಬಗ್ಗಿ, ಪಕ್ಕದ ಖಾಲಿ ಜಾಗವನ್ನು ಅಂಗೈಯಿಂದ ಎರಡು ಸಲ ತಟ್ಟಿದರು. ಆಮೇಲೆ ಚಾಪೆಯ ಆಚೆಗೆ, ಹೆಂಡತಿಯ ಕಡೆಗೆ ನೋಡಿದರು.

ಲಿಡಿಯಮ್ಮ ಅಲ್ಲಾಡಲಿಲ್ಲ! ಕೈ ಕಟ್ಟಿ, ಹುಬ್ಬು ಏರಿಸಿ, ಒಂದು ಬೆರಳಿನಿಂದ ತಮ್ಮ ಕಿವಿ ಮುಟ್ಟಿ ತೋರಿಸಿದರು. ನಿಮಗೆ ಕೇಳ್ತದಲ್ಲ, ನಾನು ಯಾಕೆ?

ಹೋಗಜ್ಜಿ, ಹೋಗು ಮಾರಾಯ್ತಿ ಅಂತ ವಾಸಂತಿ ಹಿಂದಿನಿಂದ ಸೀರೆ ಜಗ್ಗಿದಳು. ಅಜ್ಜಿ ಕಲ್ಲು.

ಮೋನಪ್ಪನವರು ತಮ್ಮ ಸ್ವರ ತಮಗೇ ಕೇಳಿಸದವರು ಮಾತಾಡುವಷ್ಟು ಗಟ್ಟಿಯಾಗಿ, ಇಡೀ ಸಭೆಯ ಎದುರು ಹೇಳಿದರು:

"ಕೇಳುದಿಲ್ಲ ಮಾರಾಯ್ತಿ. ಬಾ."

ಲಿಡಿಯಮ್ಮ ಕಣ್ಣೊರೆಸಿಕೊಂಡು ಚಾಪೆ ದಾಟಿದರು. ಅವರ ಹಿಂದೆ ವಾಸಂತಿ, ನಗುತ್ತಲೂ ಅಳುತ್ತಲೂ. ಅವಳ ಹಿಂದೆ ಕೂಸು, ಬೀಸಣಿಗೆ, ಕೈಚೀಲಗಳ ಮೆರವಣಿಗೆ. ಈ ಸಲ ಗಂಡಸರು ಮೊದಲೇ ಜರುಗಿ ಜಾಗ ಬಿಟ್ಟಿದ್ದರು, ಮೈಸೂರಿನ ಹಿರಿಯರಂತೂ ಕರವಸ್ತ್ರ ಹಾಸಿ ಸೀಟು ಹಿಡಿದಿದ್ದರು. ಅಯ್ಯನವರು ಕಮಿಟಿಯ ಕಾಗದವನ್ನು ಮಡಿಸಿ ಜೇಬಿಗಿಟ್ಟರು.

ಅಜ್ಜಿ ಅಜ್ಜನ ಎಡಗಿವಿಯ ಪಕ್ಕ ಬಂದು ನಿಂತರು. ಮೋನಪ್ಪನವರು ಕೂತರು. ಸಭೆ ಕೂತಿತು.